ಚೀನಾ ಕಟ್ಟು

ಲಾಲ್ ಬಾಷಾ ತನ್ನ ಮಗ ವಾಸಿಫ್‌ನನ್ನು ನನಗೆ ಒಪ್ಪಿಸಿದ್ದು ಶಿಡ್ಲಘಟ್ಟದಲ್ಲಿ, ಅವನ ಫಿಲೇಚರಿನ ಬಾಗಿಲ ಮುಂದೆ, ಬೆಳಗಿನ ಹೊತ್ತು. ಫಿಲೇಚರು ಅಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಜಾಗ. ನಾವು ಗೂಡು ಬೆಳೆಯುವವರು, ಅವರು ನೂಲು ತೆಗೆಯುವವರು. ನನ್ನ ಅಪ್ಪನ ಗೂಡನ್ನು ಅವನ ಅಪ್ಪ ಕೊಳ್ಳುತ್ತಿದ್ದರು. ಆಗ ಮಾರುಕಟ್ಟೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಿದ್ದರು. ಅಷ್ಟು ಹಳೆಯ ನಂಟು.

"ಎಂಕಟರಾಮಣ್ಣ, ನೀನು ಮುಂದಿನ ಸೀಟಲ್ಲಿ ಕೂತ್ಕೋ ಸಾಕು" ಎಂದ ಲಾಲ್ ಬಾಷಾ. "ದಾರಿ ಕಾಯೋನು ನಿನ್ನ ಮಗಾನೇ ಅಲ್ವಾ? ನಿನ್ನ ಮುಖ ಕಂಡ್ರೆ ಯಾರೂ ಕೈ ಎತ್ತಲ್ಲ."

"ಕೂತ್ಕೋತೀನಿ. ನಂಗೂ ಹಿಂದೂಪುರದಲ್ಲಿ ತಂಗಿ ಮನೆಗೆ ಹೋಗೋದಿತ್ತು" ಎಂದೆ. ಹೋಗುವುದೇನೂ ಇರಲಿಲ್ಲ.

ಅವನ ಹೆಂಡತಿ ಷಮೀಮ್ ಬಾಗಿಲ ಹಿಂದಿನಿಂದ ಹೇಳಿದಳು: "ಅಣ್ಣಾ, ನಮ್ ಹುಡುಗಂಗೆ ಬಾಯಿ ಜಾಸ್ತಿ. ಏನಿದ್ರೂ ನೀವೇ ಮಾತಾಡಿ. ಅವನನ್ನ ಹೆಂಗೆ ಕರ್ಕೊಂಡು ಹೋಗ್ತೀರೋ ಹಂಗೇ ವಾಪಸ್ ಕರ್ಕೊಂಡು ಬನ್ನಿ."

"ಆಗಲಮ್ಮ" ಎಂದೆ.

ದಾರಿ ಕಾಯುವ ವಿಷಯ ಹೇಳಬೇಕು. ಚೀನಾದ ರೇಷ್ಮೆ ನಮ್ಮದಕ್ಕಿಂತ ಅಗ್ಗ. ಅದು ಹಡಗಿನಲ್ಲಿ ಬಂದಾಗ ಸರ್ಕಾರ ಸುಂಕ ಹಾಕುತ್ತದೆ, ವರ್ಷಕ್ಕೆ ಇಷ್ಟೇ ಬರಬೇಕೆಂದು ಕೋಟಾ ಕಟ್ಟುತ್ತದೆ. ಕೆರೆಗೆ ತೂಬು ಇದ್ದ ಹಾಗೆ. ದಿಲ್ಲಿಯವರು ತೂಬು ಮುಚ್ಚಿದರೆ ಶಿಡ್ಲಘಟ್ಟದಲ್ಲಿ ಗೂಡಿಗೆ ಬೆಲೆ. ಎತ್ತಿದರೆ ಆಂಧ್ರದ ಧರ್ಮಾವರದ ಮಗ್ಗಗಳಿಗೆ ಸುಗ್ಗಿ. ಸೀರೆ ನೇಯುವವರು ಎತ್ತಿ ಎನ್ನುತ್ತಾರೆ, ನಾವು ಮುಚ್ಚಿ ಎನ್ನುತ್ತೇವೆ. ಲೈಸೆನ್ಸ್ ಇದ್ದವರು ಮಾತ್ರ ತರಿಸುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ, ಕದ್ದು ತರುತ್ತಿದ್ದ ಕಾಲವನ್ನೂ ಕಂಡಿದ್ದೇನೆ. ಪ್ರತಿ ಸಲವೂ ಇಲ್ಲಿ ಯಾರದೋ ತಲೆ ಒಡೆದಿದೆ.

ಆ ವರ್ಷ ಕೋಟಾ ಹೆಚ್ಚಿಸಿ ಸುಂಕ ಇಳಿಸಿದರು. ನೋಡುನೋಡುತ್ತ ಗೂಡಿನ ಬೆಲೆ ಅರ್ಧಕ್ಕೆ ಬಿತ್ತು. ರೈತರು ಗೂಡನ್ನು ರಸ್ತೆಗೆ ಸುರಿದು ಬೆಂಕಿ ಇಟ್ಟರು. ಒಳಗಿನ ಹುಳು ಚಟಚಟ ಸಿಡಿಯುತ್ತಿತ್ತು. ಪೊಲೀಸರು ಲಾಠಿ ಬೀಸಿದಾಗ ನಮ್ಮೂರ ಚೆನ್ನರಾಯಪ್ಪನ ದವಡೆ ಮುರಿಯಿತು. ಇವತ್ತಿಗೂ ಅವನು ಗಂಜಿ ಬಿಟ್ಟು ಬೇರೆ ಏನೂ ತಿನ್ನಲಾರ. ನನ್ನ ಮಗ ನರೇಂದ್ರ ಅವನನ್ನು ಹೆಗಲ ಮೇಲೆ ಹೊತ್ತು ತಂದ. ಅಂಗಿಯೆಲ್ಲ ರಕ್ತ. ಅದನ್ನು ಒಗೆಯಲು ಕೊಡದೆ ಮಾರನೆಯ ದಿನವೂ ಹಾಕಿಕೊಂಡು ರೈತರ ಹೋರಾಟ ಸಮಿತಿಯ ಸಭೆಗೆ ಹೋದ. "ದಿಲ್ಲಿಯೋರು ತಡೀದಿದ್ರೆ ನಾವೇ ತಡೀತೀವಿ" ಎಂದು ಅಲ್ಲಿ ತೀರ್ಮಾನ ಮಾಡಿದರು. ಆಂಧ್ರಕ್ಕೆ ಹೋಗುವ ದಾರಿಗಳಿಗೆ ಕಲ್ಲು, ಟ್ರಾಕ್ಟರು ಅಡ್ಡ ಇಟ್ಟು, ಚೀನಾ ನೂಲು ಸಿಕ್ಕಿದರೆ ಅಲ್ಲೇ ಸುಡುವುದು. ಗೌರಿಬಿದನೂರಿನ ದಾರಿ ನರೇಂದ್ರನ ಪಾಲಿಗೆ ಬಂತು.

ಹೊರಡುವ ಮುಂಚೆ ಅವನಿಗೆ ಫೋನು ಮಾಡಿಸಿದೆ.

"ನಮ್ಮ ನೂಲಾದ್ರೆ ಯಾರು ಮುಟ್ತಾರಪ್ಪ? ಧಾರಾಳವಾಗಿ ಬರಲಿ" ಎಂದ.

ನೂಲು ನಮ್ಮದೇ. ನನ್ನ ಕಣ್ಣ ಮುಂದೆಯೇ ಬಿಸಿ ನೀರಿನ ಬಾಣಲೆಯಿಂದ ಎಳೆ ಮೇಲೆದ್ದು, ಯಂತ್ರಕ್ಕೆ ಸುತ್ತಿ, ಲಡಿಯಾಗಿ ಇಳಿಯುತ್ತಿತ್ತು. ಹೆಂಗಸರು ಲಡಿಗಳನ್ನು ಜಡೆಯಂತೆ ಹೊಸೆದು, ಬಿಳಿ ನೂಲಿನಿಂದ ಅಡ್ಡಡ್ಡ ಹೆಣೆದು, ಚೌಕವಾಗಿ ಒತ್ತಿ ಕಟ್ಟುತ್ತಿದ್ದರು. ನಮ್ಮ ಕಡೆಯ ಚರಕದ ನೂಲನ್ನು ಹಾಗೆ ಕಟ್ಟುವುದನ್ನು ನಾನು ಕಂಡಿರಲಿಲ್ಲ. ಒಂದೊಂದು ಕಟ್ಟಿನೊಳಗೂ ವಾಸಿಫ್ ಒಂದು ಚೀಟಿ ಸಿಕ್ಕಿಸುತ್ತಿದ್ದ. ಕೆಂಪು ಅಕ್ಷರ. ಗುಡಿಸಲು ಗುಡಿಸಲಿನಂಥ ಬರಹ.

"ಏನಪ್ಪ ಇದು?"

"ಚೀನಾ ಬರಹ ಮಾಮಾ. ಬೆಂಗಳೂರಲ್ಲಿ ಅಚ್ಚು ಹಾಕ್ಸಿದ್ದು. ನಂಗೂ ಓದಕ್ಕೆ ಬರಲ್ಲ" ಎಂದು ನಕ್ಕ. "ಶಿಡ್ಲಘಟ್ಟದ್ದು ಅಂದ್ರೆ ಧರ್ಮಾವರದ ಸಾಹುಕಾರ್ರು ಮುಖ ಸಿಂಡರಿಸ್ತಾರೆ. ಇದೇ ನೂಲಿಗೆ ಈ ಕಟ್ಟು ಕಟ್ಟಿ ಈ ಚೀಟಿ ಇಟ್ರೆ ಕಣ್ಣಿಗೆ ಒತ್ಕೊಂಡು ತಗೋತಾರೆ. ಊರಲ್ಲಿ ನಾನೊಬ್ನೇ ಅಲ್ಲ, ದೊಡ್ಡ ಯಂತ್ರ ಇಟ್ಟೋರೆಲ್ಲ ಹಿಂಗೇ ಮಾಡೋದು."

"ದಾರೀಲಿ ಕಂಡ್ರೆ?"

"ಗೂಡು ಬೆಳೆಯೋರು ನೂಲು ಎಲ್ಲಿ ನೋಡಿದ್ದಾರೆ ಮಾಮಾ? ಗೋಣಿ ಬಿಚ್ಚಲ್ಲ ಬಿಡಿ. ನೀವಿದ್ದೀರಲ್ಲ."

"ಚೀಟಿ ತೆಗೆದ್ಬಿಡು."

"ಇವು ಕೊನೇವು, ಉಳಿದದ್ದೆಲ್ಲಾ ಕಟ್ಟಿ ಆಗಿದೆ. ಈಗ ಬಿಚ್ಚಿದ್ರೆ ಲಡಿ ಸಿಕ್ಕಾಗ್ತವೆ."

ಲಾಲ್ ಬಾಷಾ ಆಚೆ ತಿರುಗಿಕೊಂಡಿದ್ದ. ಅವನಿಗೂ ಈ ಕೆಲಸ ಇಷ್ಟವಿರಲಿಲ್ಲ. ಆದರೆ ಈ ಸರಕು ಹೋಗದಿದ್ದರೆ ಯಂತ್ರ ನಿಲ್ಲುತ್ತಿತ್ತು. ನಾನೂ ಸುಮ್ಮನೆ ಗಾಡಿ ಹತ್ತಿದೆ.

ಚಿಕ್ಕಬಳ್ಳಾಪುರ ದಾಟಿದೆವು. ವಾಸಿಫ್ ತಾನೇ ಪಿಕಪ್ ಓಡಿಸುತ್ತ ಮಾತಾಡುತ್ತಲೇ ಇದ್ದ. ತಂಗಿ ಸಾಬ್ರೀನ್‌ಗೆ ಮುರುಗಮಲ್ಲದ ಕಡೆಯಿಂದ ಗಂಡು ಬಂದಿದೆ, ಹುಡುಗನಿಗೆ ಕಿವಿ ದೊಡ್ಡದು, ಅವಳು ಒಪ್ಪುತ್ತಿಲ್ಲ ಎಂದ. "ಕಿವಿ ಇರೋದು ಒಳ್ಳೇದಲ್ವಾ ಮಾಮಾ, ಅವಳ ಮಾತು ಕೇಳಕ್ಕೆ ಎರಡು ಸಾಲ್ದು" ಎಂದು ತಾನೇ ನಕ್ಕ. ಮಂಚೇನಹಳ್ಳಿ ಕಳೆದ ಮೇಲೆ ದೂರದಲ್ಲಿ ಹೊಗೆ ಕಂಡಿತು. ಆಗ ಬಾಯಿ ಮುಚ್ಚಿದ.

ರಸ್ತೆಗೆ ಅಡ್ಡಲಾಗಿ ಎರಡು ಟ್ರಾಕ್ಟರು. ಪಕ್ಕದಲ್ಲಿ ಓಬಳಮ್ಮ ಎಂಬಾಕೆಯ ಟೀ ಅಂಗಡಿ. ಟೈರು ಸುಡುತ್ತಿದ್ದರು. ಜನರ ಕೈಯಲ್ಲಿ ಹಿಪ್ಪುನೇರಳೆ ಕಡ್ಡಿ ಕೊಯ್ಯುವ ಕುಡುಗೋಲು, ಮಣ್ಣೆಳೆಯುವ ಸನಿಕೆ, ಗಾಡಿಯ ಜಾಕಿನ ರಾಡು. ಬೆಳಿಗ್ಗೆ ಒಬ್ಬ ಲಾರಿಯವನು ನಿಲ್ಲಿಸದೆ ನುಗ್ಗಲು ನೋಡಿ ಒಬ್ಬ ಹುಡುಗನ ಕಾಲಿನ ಮೇಲೆ ಹತ್ತಿಸಿದ್ದನಂತೆ. ಆ ಲಾರಿಯವನನ್ನು ಹೊಡೆದು ಚರಂಡಿಗೆ ತಳ್ಳಿದ್ದರು. ಅವನು ಇನ್ನೂ ಅಲ್ಲೇ ಮಲಗಿ ನರಳುತ್ತಿದ್ದ. ನಾವು ಹೋಗಿದ್ದು ಇಂಥ ಹೊತ್ತಿನಲ್ಲಿ.

ನರೇಂದ್ರ ಮುಂದೆ ಬಂದ. ನನ್ನನ್ನು ನೋಡಿ ಅವನ ಮುಖ ಗಂಟಾಯಿತು.

"ನೀನ್ಯಾಕಪ್ಪ ಇದರಲ್ಲಿ?"

"ಲಾಲ್ ಬಾಷಾನ ಸರಕು. ಮನೇದೇ. ದಾರಿ ಬಿಡಿಸಿ ಕಳ್ಸು, ಮಗ."

ಅವನು ಟ್ರಾಕ್ಟರಿನ ಕಡೆ ಕೈ ಎತ್ತಿದ್ದ. ಇನ್ನೊಂದು ಗಳಿಗೆಯಾಗಿದ್ದರೆ ದಾಟಿಬಿಡುತ್ತಿದ್ದೆವು. ಆದರೆ ಚಿಂತಾಮಣಿ ಕಡೆಯ ಚಿರಂಜೀವಿ, ಸಮಿತಿಯ ಮುಂದಾಳು, ಹಿಂದಿನಿಂದ ಗಾಡಿ ಹತ್ತಿ ಕುಡುಗೋಲಿನಿಂದ ಒಂದು ಗೋಣಿಯನ್ನು ಸೀಳಿದ್ದ. ಬಿಳಿ ಲಡಿಗಳು ಕರುಳಿನಂತೆ ಹೊರಬಂದವು. ಚೀಟಿ ಗಾಳಿಗೆ ಹಾರಿ ರಸ್ತೆಗೆ ಬಿತ್ತು.

"ಏಮಿದಿ? ಏನಪ್ಪ ಇದು ಬರಹ? ಯಾರಿಗಾದ್ರೂ ಓದಕ್ಕೆ ಬರ್ತದಾ?" ಎಂದು ಅದನ್ನು ಎತ್ತಿ ಹಿಡಿದ. ನಾಲ್ಕಾರು ಮೊಬೈಲುಗಳು ಮೇಲೆದ್ದವು. "ಚೀನಾ! ಚೀನಾ ಸಿಕ್ತು ಕಣ್ರೋ!"

ಜನ ಗಾಡಿಯನ್ನು ಸುತ್ತುಗಟ್ಟಿದರು. ಮುಂದಿನ ಗಾಜಿಗೆ ಕಲ್ಲು ಬಿತ್ತು. ಚೂರುಗಳು ನನ್ನ ಮಡಿಲಿಗೆ ಸುರಿದವು. ಬಾಗಿಲು ಕಿತ್ತು ವಾಸಿಫ್‌ನನ್ನು ಕೊರಳಪಟ್ಟಿ ಹಿಡಿದು ಎಳೆದರು.

ನಾನು ಮಾತಾಡಬೇಕಿತ್ತು. ಮಾತಾಡಿದೆ. "ನಾನು ಕಣ್ಣಾರೆ ಕಂಡಿದ್ದೀನಿ. ಬಾಣಲೆಯಿಂದ ಎತ್ತಿದ್ದು, ಕಟ್ಟಿದ್ದು, ಎಲ್ಲಾ. ಇದು ನಮ್ಮ ಗೂಡೇ" ಎಂದೆ. ನನ್ನ ಧ್ವನಿ ಸಣ್ಣದು. ಹತ್ತಿರ ಇದ್ದವರಿಗಷ್ಟೇ ಕೇಳಿಸಿತು. ವಾಸಿಫ್‌ನದು ದೊಡ್ಡದು.

"ನಮ್ಮ ನೂಲೇ ಅಣ್ಣ! ಚೀಟಿ ಅಷ್ಟೇ ಚೀನಾದ್ದು! ಶಿಡ್ಲಘಟ್ಟದ್ದು ಅಂದ್ರೆ ಅವರು ಮುಟ್ಟಲ್ಲ, ಅದಕ್ಕೇ..."

"ನಮ್ಮ ಗೂಡಿಗೆ ಚೀನಾ ಹೆಸರು ಇಡ್ತೀಯೇನೋ?" ಎಂದು ಒಬ್ಬ ಅವನ ಬಾಯಿಗೇ ಹೊಡೆದ. "ಅದು ಚೀನಾ ಆದ್ರೂ ಕಳ್ಳ, ಅಲ್ದೆ ಇದ್ರೂ ಕಳ್ಳ!"

ವಾಸಿಫ್ ರಕ್ತ ಉಗಿದು, ಒಂದು ಲಡಿಯನ್ನು ಕಿತ್ತು ನರೇಂದ್ರನ ಮುಖದ ಹತ್ತಿರ ಹಿಡಿದ. "ಮೂಸಿ ನೋಡಣ್ಣ. ಹೊಸಾ ನೂಲು. ಬೆಂದ ಹುಳದ ವಾಸನೆ ಇನ್ನೂ ಹೋಗಿಲ್ಲ. ಹಡಗಲ್ಲಿ ಬಂದಿದ್ರೆ ಇರ್ತಿತ್ತಾ? ಮೂಸಣ್ಣ!"

ನರೇಂದ್ರ ಮೂಸಿದ. ಲಡಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಮೂಸಿದರು. ಅಲ್ಲಿದ್ದವರೆಲ್ಲ ಹುಳು ಸಾಕುವವರು. ಹುಳು ಹರವುವ ತಟ್ಟೆಗಳ ಪಕ್ಕದಲ್ಲೇ ಉಂಡು ಅಲ್ಲೇ ಮಲಗುವವರು. ನಮ್ಮ ಅಂಗಿಯಲ್ಲಿ, ಕೂದಲಲ್ಲಿ, ಹಾಸಿಗೆಯಲ್ಲಿ ಅದೇ ವಾಸನೆ. ಅದು ನಮ್ಮ ಮೂಗಿಗೆ ಹತ್ತುವುದು ನಿಂತು ಎಷ್ಟೋ ಕಾಲವಾಗಿದೆ.

"ಏನೂ ಗೊತ್ತಾಗ್ತಿಲ್ಲ" ಎಂದ ನರೇಂದ್ರ.

"ನಂಗೆ ನನ್ ಹೆಂಡ್ತಿ ವಾಸ್ನೆ ಬರ್ತೈತೆ" ಎಂದ ಒಬ್ಬ. ಜನ ಗೊಳ್ಳೆಂದರು.

ನಾನು ಇಳಿದು ನರೇಂದ್ರನ ತೋಳು ಹಿಡಿದುಕೊಂಡೆ. "ನಾನು ಕಂಡಿದ್ದೀನಿ ಅಂತಿದ್ದೀನಲ್ಲ ಮಗ. ನನ್ನ ಮಾತು ನಂಬಲ್ವಾ?"

ಅವನು ನಂಬುತ್ತಿದ್ದನೋ ಏನೋ. ಚಿರಂಜೀವಿ ಗಾಡಿಯ ಮೇಲಿನಿಂದ ಕೂಗಿದ: "ಗಾಡಿಗೆ ನಿಂಬೆಹಣ್ಣು ಕಟ್ಟಿದಂಗೆ ಮುದುಕಪ್ಪನ್ನ ಮುಂದೆ ಕಟ್ಕೊಂಡು ಬಂದವ್ರೆ ನೋಡ್ರಪ್ಪೋ! ನರೇಂದ್ರಾ, ಮಗ ಗೇಟು ಕಾಯೋದು, ಅಪ್ಪ ಸರಕು ದಾಟಿಸೋದು, ಚೆನ್ನಾಗಿದೆ ನಿಮ್ಮನೆ ವ್ಯಾಪಾರ!"

ಆಗ ನಗಲಿಲ್ಲ ಯಾರೂ. ಎಲ್ಲರೂ ನರೇಂದ್ರನನ್ನು ನೋಡಿದರು. ಅವನ ಕಿವಿ ಕೆಂಪಾಗಿದ್ದು ನನಗೆ ಕಂಡಿತು. ಚಿಕ್ಕಂದಿನಿಂದ ಅವನಿಗೆ ಅವಮಾನವಾದರೆ ಮೊದಲು ಕಿವಿ ಕೆಂಪಾಗುತ್ತಿತ್ತು. ನನ್ನ ಕೈಯನ್ನು ಕೊಡವಿದ. ನಾನು ಟ್ರಾಕ್ಟರಿನ ಚಕ್ರಕ್ಕೆ ಬಡಿದು ಬಿದ್ದೆ.

ಆಮೇಲೆ ತಡೆಯುವವರೇ ಇರಲಿಲ್ಲ. ವಾಸಿಫ್‌ನ ಬೆನ್ನಿಗೆ ಸನಿಕೆಯ ಮರದ ಕಾವು, ಮೊಣಕಾಲಿಗೆ ರಾಡು. ಅವನು ಬಿದ್ದ ಮೇಲೂ ಒದ್ದರು. ಒಬ್ಬ ಮುದುಕ, ನನ್ನ ವಯಸ್ಸಿನವನೇ, ಚಪ್ಪಲಿ ಕಳಚಿ ಅವನ ಮುಖಕ್ಕೆ ಹೊಡೆಯುತ್ತ ಅಳುತ್ತಿದ್ದ. ಓಬಳಮ್ಮ ಕುದಿಯುವ ಟೀ ಪಾತ್ರೆ ಹಿಡಿದು, "ಸಾಯಿಸ್ತೀರೇನ್ರೋ? ದೂರ ಹೋಗ್ರೋ, ಹೊಯ್ದುಬಿಡ್ತೀನಿ" ಎಂದು ಅಡ್ಡ ಬಂದಳು. ಅವಳ ಕೈಯಿಂದ ಪಾತ್ರೆ ಕಿತ್ತು ಎಸೆದರು.

ಇತ್ತ ಗೋಣಿಗಳನ್ನು ಇಳಿಸಿ ಬೆಂಕಿ ಇಟ್ಟರು. ರೇಷ್ಮೆ ಹತ್ತಿಯಂತೆ ಉರಿಯುವುದಿಲ್ಲ. ಮುದುರಿಕೊಂಡು ಕಪ್ಪಾಗಿ, ಕೂದಲು ಸುಟ್ಟ ನಾತ ಬಿಟ್ಟು ಆರುತ್ತದೆ. ಅದಕ್ಕೆ ಸಿಟ್ಟು ಬಂದು ಡೀಸೆಲ್ ಹೊಯ್ದರು. ಬೆಂಕಿ ಆಳೆತ್ತರ ಎದ್ದಿತು. ಒಂದೊಂದೇ ಗೋಣಿ ಒಳಗೆ ಹೋಯಿತು.

ಕೊನೆಯ ಗೋಣಿಯನ್ನು ಎಳೆಯುವಾಗ ವಾಸಿಫ್ ತೆವಳಿಕೊಂಡು ಬಂದು ಅದಕ್ಕೆ ಕಟ್ಟಿದ್ದ ಹಗ್ಗ ಹಿಡಿದುಕೊಂಡ. ಒಂದು ಕಣ್ಣು ಮುಚ್ಚಿಹೋಗಿತ್ತು. ಹಗ್ಗದ ಇನ್ನೊಂದು ತುದಿ ನರೇಂದ್ರನ ಕೈಯಲ್ಲಿ.

"ಬಿಡೋ!"

"ಬಿಡಲ್ಲಣ್ಣ. ನಮ್ದು ಕಣಣ್ಣ. ನಿಮ್ ಗೂಡೇ ಕಣಣ್ಣ."

"ಬಿಡೋ ಅಂದ್ರೆ!"

"ಇದೊಂದು ಉಳೀಲಣ್ಣ."

ನಾನು ಎದ್ದು ಅವರ ಕಡೆ ಹೋಗುತ್ತಿದ್ದೆ. ನರೇಂದ್ರ ಪಕ್ಕದವನ ಕೈಯಿಂದ ಕುಡುಗೋಲು ಕಿತ್ತುಕೊಂಡ. ಒಮ್ಮೆ ಹಗ್ಗವನ್ನು ನೋಡಿದ. ಹಗ್ಗ ಅವನ ಕಡೆ ಮೊಳದಷ್ಟು ಬಿಗಿಯಾಗಿ, ಬರಿದಾಗಿ ನಿಂತಿತ್ತು. ಅಲ್ಲಿ ಹೊಡೆಯಬಹುದಿತ್ತು. ಆಮೇಲೆ ವಾಸಿಫ್‌ನ ಕೈ ನೋಡಿದ. ಹೊಡೆದ.

ಬೆರಳುಗಳು ಹಗ್ಗವನ್ನು ಹಿಡಿದುಕೊಂಡೇ ಉಳಿದವು. ಕೈ ಮಾತ್ರ ಕೆಳಗೆ ಬಿತ್ತು.

ವಾಸಿಫ್ ತನ್ನ ಕೈಯನ್ನು ತಾನೇ ಯಾರದೋ ಎಂಬಂತೆ ನೋಡಿದ. ನರೇಂದ್ರ ಹಗ್ಗ ಸಮೇತ ಗೋಣಿಯನ್ನು ಬೆಂಕಿಯ ಕಡೆ ಎಳೆದವನು ಅರ್ಧ ದಾರಿಯಲ್ಲಿ ಕೆಳಗೆ ನೋಡಿ, ಬಿಟ್ಟು, ಹಿಂದೆ ಹಿಂದೆ ಸರಿದ. ಮೊಬೈಲು ಹಿಡಿದವರು ಇಳಿಸಿದರು. ಮೊದಲು ಬೈಕು ಹತ್ತಿ ಹೋದವನು ಚಿರಂಜೀವಿ.

ನಾನು ರಸ್ತೆಯ ಮೇಲೆ ಬಿದ್ದಿದ್ದ ಒಂದು ಲಡಿಯನ್ನು ಎತ್ತಿಕೊಂಡು ವಾಸಿಫ್‌ನ ಮಣಿಕಟ್ಟಿಗೆ ಸುತ್ತಿ, ಹಲ್ಲಿನಿಂದ ಕಚ್ಚಿ ಬಿಗಿದೆ. ಬಿಳಿ ನೂಲು ಕೆಂಪಾಯಿತು. ಆದರೆ ತುಂಡಾಗಲಿಲ್ಲ. ರಕ್ತ ನಿಧಾನವಾಯಿತು.

"ನರೇಂದ್ರಾ, ಟ್ರಾಕ್ಟರ್ ತೆಗಿ" ಎಂದೆ.

ಅವನು ಕಲ್ಲಿನ ಮೇಲೆ ಕೂತಿದ್ದ. ಏಳಲಿಲ್ಲ.

ತಡೆಯ ಹಿಂದೆ ಸಿಕ್ಕಿಕೊಂಡಿದ್ದ ಹಾಲಿನ ವ್ಯಾನಿನ ರಮೇಶ್‌ಬಾಬು ಎಂಬವನು ಕೆಳಗಿಳಿದು, ತಾನೇ ಟ್ರಾಕ್ಟರು ಸರಿಸಿ, ವಾಸಿಫ್‌ನನ್ನೂ ಚರಂಡಿಯಲ್ಲಿದ್ದ ಲಾರಿಯವನನ್ನೂ ಕ್ಯಾನುಗಳ ನಡುವೆ ಮಲಗಿಸಿದ. ವಾಸಿಫ್‌ನ ತಲೆ ನನ್ನ ತೊಡೆಯ ಮೇಲಿತ್ತು. "ಮಾಮಾ, ಅಬ್ಬಾಗೆ ಹೇಳಬೇಡಿ" ಎಂದು ಒಂದೇ ಸಮನೆ ಹೇಳುತ್ತಿದ್ದ. ಗೌರಿಬಿದನೂರು ಬರುವ ಹೊತ್ತಿಗೆ ಅದೂ ನಿಂತಿತು. ಓಬಳಮ್ಮ ಬೆರಳುಗಳನ್ನು ಸೆರಗಿನಲ್ಲಿ ಕಟ್ಟಿ ಕೊಟ್ಟಿದ್ದಳು. ತುಳಿತಕ್ಕೆ ಸಿಕ್ಕಿದ್ದವು. ಡಾಕ್ಟರು ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದರು.

ಜೀವ ಉಳಿಯಿತು. ಬಲಗೈಯಲ್ಲಿ ಹೆಬ್ಬೆರಳು ಬಿಟ್ಟು ಏನೂ ಉಳಿಯಲಿಲ್ಲ.

ಲಾಲ್ ಬಾಷಾ ಸಂಜೆಗೆ ಬಂದ. ವರಾಂಡದಲ್ಲಿ ನನ್ನ ಪಕ್ಕ ಕೂತ. ನನ್ನ ಪಂಚೆಯ ಮೇಲಿನ ರಕ್ತ ಒಣಗಿ ಗಟ್ಟಿಯಾಗಿತ್ತು. ಅದನ್ನೇ ನೋಡುತ್ತಿದ್ದ.

"ಮುಂದಿನ ಸೀಟಲ್ಲೇ ಕೂತಿದ್ದೆ ಅಲ್ವಾ ಅಣ್ಣ?" ಎಂದ.

"ಕೂತಿದ್ದೆ."

ಅವನು ಎದ್ದು ಒಳಗೆ ಹೋದ.

ಪೊಲೀಸು ಠಾಣೆಯಲ್ಲಿ ಸಮಿತಿಯವರು ಆಗಲೇ ವಕೀಲನನ್ನು ಕೂರಿಸಿದ್ದರು. ಪೊಲೀಸರು ಹಿಡಿದು ತಂದಿದ್ದ ನರೇಂದ್ರ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ವಕೀಲ ನನ್ನನ್ನು ಗೋಡೆಯ ಪಕ್ಕಕ್ಕೆ ಕರೆದ.

"ಯಜಮಾನ್ರೆ, ನಿಮ್ಮ ಮಗ ಹಗ್ಗ ಕೊಯ್ಯಕ್ಕೆ ಹೋದ, ಆ ಹುಡುಗ ಮಧ್ಯೆ ಕೈ ಇಟ್ಟ. ಕೈತಪ್ಪಿ ಆಗಿದ್ದು. ಮೊಬೈಲಲ್ಲಿ ಹೊಗೆ ಬಿಟ್ರೆ ಏನೂ ಕಾಣಲ್ಲ. ಹತ್ರ ಇದ್ದೋರಲ್ಲಿ ಸಾಕ್ಷಿ ಹೇಳೋರು ನೀವೊಬ್ರೇ. ಹಗ್ಗ ಅಂತ ಒಂದು ಮಾತು ಹೇಳಿ, ಸಾಕು. ಆ ನೂಲು ಬೇರೆ ಮೋಸದ್ದು. ಕೇಸು ನಿಲ್ಲಲ್ಲ."

ಸಬ್ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು. ಮರ್ಯಾದೆಯಿಂದ ಕುರ್ಚಿ ಕೊಟ್ಟರು. ಹೇಳಿಕೆ ಬರೆಸಿಕೊಂಡರು. ಚೀಟಿಯ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಕೊನೆಗೆ ಕೇಳಿದರು: "ಕುಡುಗೋಲು ಬೀಸಿದ್ದು ಹಗ್ಗಕ್ಕೋ, ಕೈಗೋ? ನಿಧಾನಕ್ಕೆ ಯೋಚ್ನೆ ಮಾಡಿ ಹೇಳಿ ತಾತ."

ನರೇಂದ್ರ ತಲೆ ಎತ್ತಿದ. ಅವನು ಹುಟ್ಟಿದಾಗ ಸೂಲಗಿತ್ತಿ ಬರುವುದು ತಡವಾಗಿ ಅವನನ್ನು ಮೊದಲು ಎತ್ತಿಕೊಂಡವನು ನಾನು. ಅದೂ ನೆನಪಿಗೆ ಬಂತು. ಚೆನ್ನರಾಯಪ್ಪನನ್ನು ಹೊತ್ತು ತಂದದ್ದೂ ಬಂತು. ನನಗೆ ಯಾವುದೂ ಮರೆಯುವುದಿಲ್ಲ. ಅದೇ ತೊಂದರೆ.

"ಹಗ್ಗ ನೋಡಿದ. ಕೈಗೆ ಹೊಡೆದ" ಎಂದೆ.

"ಅಪ್ಪಾ" ಎಂದ ನರೇಂದ್ರ. ಅಷ್ಟೇ.

ಅವನನ್ನು ಚಿಕ್ಕಬಳ್ಳಾಪುರದ ಜೈಲಿಗೆ ಕಳಿಸಿದರು. ಚಿರಂಜೀವಿ ಸಿಕ್ಕಲಿಲ್ಲ. ಊರಲ್ಲಿ ನನ್ನೊಂದಿಗೆ ಮಾತು ನಿಂತಿತು. ದವಡೆ ಮುರಿದ ಚೆನ್ನರಾಯಪ್ಪ ಕೂಡ ಎದುರು ಸಿಕ್ಕರೆ ಆಚೆ ತಿರುಗುತ್ತಿದ್ದ. ಮನೆಯ ಹೆಂಚಿಗೆ ಕಲ್ಲು ಬೀಳುತ್ತಿತ್ತು. ನಾನೂ ನನ್ನ ಸೊಸೆ ಮೌನಿಕಾಳೂ ಇಬ್ಬರೇ ಸೇರಿ ಹುಳು ಸಾಕುತ್ತಿದ್ದೆವು. ಬೆಲೆ ಇರಲಿ ಬಿಡಲಿ, ಬೇರೆ ಕೆಲಸ ನಮಗೆ ಬರುವುದಿಲ್ಲ.

ಹುಳು ಹಣ್ಣಾಗುವ ಹೊತ್ತಿಗೆ, ಇನ್ನೇನು ಗೂಡು ಕಟ್ಟಬೇಕು, ಯಾರೋ ನಮ್ಮ ಹಿಪ್ಪುನೇರಳೆ ತೋಟಕ್ಕೆ ಕೀಟ ಸಾಯಿಸುವ ಔಷಧಿ ಹೊಡೆದರು. ಸೊಪ್ಪು ನೋಡಿದರೆ ತಿಳಿಯುವುದಿಲ್ಲ, ಹಸಿರಾಗೇ ಇರುತ್ತದೆ. ಬೆಳಿಗ್ಗೆ ಮೌನಿಕಾ ಕೊಯ್ದು ತಂದು ಹಾಕಿದಳು. ನಾವು ಮುದ್ದೆ ಉಂಡು ಬರುವಷ್ಟರಲ್ಲಿ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು. ಮೈ ಮುರಿದುಕೊಂಡು, ಒಂದರ ಮೇಲೊಂದು ಬಿದ್ದು ಒದ್ದಾಡಿದವು. ಮಳೆ ಬಂದಂತೆ ಸೊಪ್ಪು ಮೇಯುತ್ತಿದ್ದ ಸದ್ದು ಇಡೀ ಮನೆಯಲ್ಲಿ ನಿಂತುಹೋಯಿತು.

ಮೌನಿಕಾ ತಟ್ಟೆಯ ಅಂಚು ಹಿಡಿದು ನಿಂತಿದ್ದಳು. ಅಳಲಿಲ್ಲ.

"ಮುಂದಿನ ತಿಂಗಳು ಕೋರ್ಟು" ಎಂದಳು. "ಈಗಲಾದ್ರೂ ಹಗ್ಗ ಅಂತೀರಾ ಮಾವ? ನಿಮ್ಮ ಕಾಲು ಹಿಡ್ಕೊಂಡು ಕೇಳ್ಕೋತೀನಿ. ಅವರು ಮನೆಗೆ ಬರ್ತಾರೆ. ಊರೋರೂ ಸುಮ್ನಾಗ್ತಾರೆ."

"ಆ ಹುಡುಗನ್ನ ಅವರಮ್ಮ ನನ್ನ ಕೈಗೆ ಕೊಟ್ಟಿದ್ಲು ಕಣಮ್ಮ" ಎಂದೆ. "ಹೆಂಗೆ ಕೊಟ್ಲೋ ಹಂಗೆ ತಿರುಗಿ ಕೊಡಕ್ಕಾಗ್ಲಿಲ್ಲ. ಏನಾಯ್ತು ಅನ್ನೋದನ್ನಾದ್ರೂ ಆದಂಗೇ ಹೇಳ್ಬೇಕು."

"ಅವರು ನಿಮ್ಮ ಮಗ."

"ಹೌದಮ್ಮ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಒಳಗಿನಿಂದ ಮಂಕರಿ ತಂದು ನನ್ನ ಕಾಲ ಬಳಿ ಬಿಸಾಕಿದಳು. ಇನ್ನೊಂದನ್ನು ತಾನು ಹಿಡಿದಳು. ನಾವು ಹುಳುಗಳನ್ನು ಬಾಚಿ ಬಾಚಿ ತುಂಬಿದೆವು. ಕೆಲವು ಇನ್ನೂ ಅಲುಗುತ್ತಿದ್ದವು. ಹಿತ್ತಲಲ್ಲಿ ಗುಂಡಿ ತೋಡಲು ನಾನು ಗುದ್ದಲಿ ಎತ್ತಿಕೊಂಡೆ.